ಘಾಟಿ ಏರುವಾಗ ನಿಂತುಹೋಗುವ ವೈಪರ್: ಹಳೆಯ ವಿಲೀಸ್ ಜೀಪಿನ ನಿರ್ವಾತ ವೈಪರ್ ದುರಸ್ತಿ

ಮೂಡಿಗೆರೆ_ಜೀಪು

ಎಲ್ಲರಿಗೂ ನಮಸ್ಕಾರ. ನಮ್ಮ ತೋಟದಲ್ಲಿರುವುದು 1950ರ ದಶಕದ ಕೊನೆಯ ವಿಲೀಸ್ ಸಿಜೆ-3ಬಿ, ಎತ್ತರದ ಬಾನೆಟ್‌ನ ಜೀಪು. ಎಂಜಿನ್ ಮೂಲದ್ದೇ, 2.2 ಲೀಟರ್‌ನ ಹರಿಕೇನ್. ಚಾಲಕನ ಬದಿಯ ವೈಪರ್ ವಿದ್ಯುತ್ತಿನದಲ್ಲ, ಎಂಜಿನ್ನಿನ ನಿರ್ವಾತದಿಂದ ತಿರುಗುವ ಟ್ರೈಕೊ ಮೋಟಾರು. ಪಕ್ಕದವರ ಬದಿಗೆ ಕೈಯಿಂದ ಆಡಿಸುವ ವೈಪರ್.

ತೊಂದರೆ ಹೀಗಿದೆ. ನಿಂತಲ್ಲೇ ಎಂಜಿನ್ ಓಡುತ್ತಿದ್ದರೆ ವೈಪರ್ ನಿಧಾನವಾಗಿಯಾದರೂ ಆಡುತ್ತದೆ. ಸಮತಟ್ಟಿನ ರಸ್ತೆಯಲ್ಲಿ ಅರೆಮನಸ್ಸಿನಿಂದ ಆಡುತ್ತದೆ. ಚಾರ್ಮಾಡಿಯಿಂದ ಕೊಟ್ಟಿಗೆಹಾರದ ಕಡೆಗೆ ಏರತೊಡಗಿದರೆ ಗಾಜಿನ ನಡುವೆಯೇ ನಿಂತುಬಿಡುತ್ತದೆ. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಮತ್ತೆ ಜೀವ ಬರುತ್ತದೆ. ಮಳೆ, ಮಂಜು, ಎದುರಿನಿಂದ ಬಸ್ಸು ಇವೆಲ್ಲ ಒಟ್ಟಿಗೆ ಸೇರುವ ತಿರುವಿನಲ್ಲಿ ಕಾಲು ತೆಗೆಯುವುದು ಹೇಗೆ?

ಇಲ್ಲಿನ ಮೆಕ್ಯಾನಿಕ್ ಒಬ್ಬರು ಮೋಟಾರನ್ನು ಕಿತ್ತೆಸೆದು ವಿದ್ಯುತ್ ಮೋಟಾರು ಹಾಕಿಸಿ ಎನ್ನುತ್ತಾರೆ. ನನಗೆ ಮನಸ್ಸಿಲ್ಲ. ಮೊದಲು ಇದನ್ನು ಸರಿಪಡಿಸಲು ಸಾಧ್ಯವೇ ಎಂದು ತಿಳಿಯಬೇಕು. ಜೊತೆಗೆ ಗಾಜಿನ ಚೌಕಟ್ಟನ್ನು ಬಾನೆಟ್ ಮೇಲೆ ಮಡಚುವ ಜಾಗದಲ್ಲಿ ರಬ್ಬರ್ ಹೋಸು ಬಿರಿದಿದೆ, ಬ್ಲೇಡು ಹಳೆಯದು. ಇಂಥ ಸಣ್ಣ ಭಾಗಗಳು ಎಲ್ಲಿ ಸಿಗುತ್ತವೆ, ಯಾವ ಅಳತೆಯವು ಬೇಕು ಎಂದೂ ತಿಳಿಸಿ.

ಯಂತ್ರಪಾಠ

ಮೋಟಾರನ್ನು ಸದ್ಯಕ್ಕೆ ಮುಟ್ಟಬೇಡಿ. ಈ ವ್ಯವಸ್ಥೆಯಲ್ಲಿ ಮೋಟಾರು ಕೊನೆಯ ಕೊಂಡಿ ಮಾತ್ರ. ಅದರ ಬಲವೆಲ್ಲ ಎಂಜಿನ್ನಿನಿಂದ ಬರಬೇಕು.

ಎಂಜಿನ್ ಗಾಳಿಯನ್ನು ಒಳಗೆಳೆಯುವಾಗ ಕಾರ್ಬ್ಯುರೇಟರ್‌ನ ಥ್ರಾಟಲ್ ತಟ್ಟೆ ಅಡ್ಡವಾಗಿ ನಿಂತಿದ್ದರೆ ಅದರ ಕೆಳಗೆ ಒತ್ತಡ ಕುಸಿಯುತ್ತದೆ. ವೈಪರ್ ಮೋಟಾರಿನೊಳಗೆ ಒಂದು ರೆಕ್ಕೆ ಇದೆ. ಅದರ ಒಂದು ಬದಿಯಿಂದ ಗಾಳಿಯನ್ನು ಈ ಕುಸಿದ ಒತ್ತಡ ಹೀರಿದಾಗ ಇನ್ನೊಂದು ಬದಿಯ ಹೊರಗಾಳಿ ರೆಕ್ಕೆಯನ್ನು ತಳ್ಳುತ್ತದೆ. ತುದಿ ಮುಟ್ಟಿದೊಡನೆ ಪುಟ್ಟ ಕವಾಟವೊಂದು ಟಕ್ಕನೆ ಮಗುಚಿ ಹೀರುವ ಬದಿಯನ್ನು ಬದಲಿಸುತ್ತದೆ. ಏರಿನಲ್ಲಿ ನೀವು ಆಕ್ಸಿಲರೇಟರ್ ಒತ್ತಿ ಥ್ರಾಟಲನ್ನು ಪೂರ್ತಿ ತೆರೆದಾಗ ತಟ್ಟೆಯ ಅಡ್ಡಿ ಹೋಗಿ, ಸಿಲಿಂಡರಿಗೆ ಗಾಳಿ ಒಯ್ಯುವ ಕೊಳವೆಯಾದ ಮ್ಯಾನಿಫೋಲ್ಡ್‌ನ ಒತ್ತಡ ಹೊರಗಾಳಿಯ ಸಮಕ್ಕೆ ಬರುತ್ತದೆ. ತಳ್ಳಲು ವ್ಯತ್ಯಾಸವೇ ಉಳಿಯುವುದಿಲ್ಲ. ಇದು ರೋಗವಲ್ಲ, ರಚನೆಯ ಸ್ವಭಾವ.

ಆದರೆ ವಿಲೀಸ್ ಕಂಪನಿಯವರಿಗೆ ಇದು ಗೊತ್ತಿತ್ತು. ಅದಕ್ಕಾಗಿಯೇ ಈ ಎಂಜಿನ್ನಿಗೆ ಎರಡು ಕೆಲಸದ ಪಂಪು ಬಂತು: ಒಂದು ಭಾಗ ಪೆಟ್ರೋಲ್ ಎತ್ತುತ್ತದೆ, ಇನ್ನೊಂದು ಭಾಗ ಮ್ಯಾನಿಫೋಲ್ಡ್ ಸೋತಾಗ ವೈಪರ್‌ಗೆ ತಾನೇ ನಿರ್ವಾತ ಒದಗಿಸುತ್ತದೆ. ಎರಡನ್ನೂ ಕ್ಯಾಮ್‌ಶಾಫ್ಟ್ ನಡೆಸುತ್ತದೆ. ನಿಮ್ಮ ಪಂಪಿಗೆ ಎಷ್ಟು ಪೈಪುಗಳು ಸೇರುತ್ತವೆ ನೋಡಿ. ಎರಡೇ ಇದ್ದರೆ ಅದು ಬರೀ ಪೆಟ್ರೋಲ್ ಪಂಪು, ಯಾರೋ ಬದಲಿಸಿದ್ದಾರೆ. ನಾಲ್ಕಿದ್ದರೆ ಮೂಲದ್ದು, ಅದರ ನಿರ್ವಾತ ಭಾಗ ಸತ್ತಿರಬಹುದು.

ನಿರ್ವಾತ ಅಳೆಯುವ ಒಂದು ವ್ಯಾಕ್ಯೂಂ ಗೇಜು ಎರವಲು ತನ್ನಿ. ಎಂಜಿನ್ ಬಿಸಿಯಾದ ಮೇಲೆ, ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ ಓಡುವ ಐಡಲ್‌ನಲ್ಲಿ ಎಷ್ಟು ತೋರಿಸುತ್ತದೆ, ಮುಳ್ಳು ಸ್ಥಿರವಾಗಿದೆಯೇ ನಡುಗುತ್ತಿದೆಯೇ ಎಂದು ಬರೆಯಿರಿ. ಅಳೆಯದೆ ಬಿಚ್ಚಿದರೆ ಕೆಲಸ ಇಮ್ಮಡಿಯಾಗುತ್ತದೆ.

ಪ್ರಿಫೆಕ್ಟ್_ಬೆಂಗಳೂರು

ಯಂತ್ರಪಾಠ ಅವರ ಮಾತು ಸರಿ. ನನ್ನಲ್ಲಿ ಫೋರ್ಡ್ ಪ್ರಿಫೆಕ್ಟ್ 100ಇ ಇದೆ, 1172 ಸಿಸಿ ಸೈಡ್‌ವಾಲ್ವ್ ಎಂಜಿನ್. ಬ್ರಿಟಿಷ್ ಫೋರ್ಡ್‌ಗಳು ನಿರ್ವಾತ ವೈಪರ್‌ಗೆ ಬಹಳ ಕಾಲ ಅಂಟಿಕೊಂಡವು. ಏರಿನಲ್ಲಿ ತೂಕಡಿಸಿ ಇಳಿಜಾರಿನಲ್ಲಿ ಹುಚ್ಚೆದ್ದು ಬೀಸುವುದು ಈ ಗಾಡಿಗಳ ಪ್ರಸಿದ್ಧ ಗುಣ. ನಂದಿ ಬೆಟ್ಟ ಹತ್ತುವಾಗ ಮಳೆ ಬಂದರೆ ನಾನು ಗೇರ್ ಇಳಿಸಿ ಥ್ರಾಟಲನ್ನು ಅರ್ಧಕ್ಕಿಂತ ಕಡಿಮೆ ಇಟ್ಟು ಹೋಗುತ್ತೇನೆ. ಎಂಜಿನ್ನಿನ ಸುತ್ತು ಹೆಚ್ಚು, ತೆರೆದ ಬಾಯಿ ಕಡಿಮೆ ಇದ್ದರೆ ನಿರ್ವಾತ ಉಳಿಯುತ್ತದೆ. ಇದು ಎಲ್ಲ ನಿರ್ವಾತ ವೈಪರ್ ಗಾಡಿಗಳಿಗೂ ಅನ್ವಯಿಸುವ ಚಾಲನೆಯ ಕ್ರಮ. ನಿಮ್ಮ ಜೀಪಿನ ಪಂಪು ಸರಿಯಾದರೂ ಇದನ್ನು ರೂಢಿಸಿಕೊಳ್ಳಿ.

ಗಾಜು ಒಣಗಿರುವಾಗ ಮಾತ್ರ ಪರೀಕ್ಷೆ ಮಾಡಬೇಡಿ. ಒಣ ಗಾಜಿನ ಮೇಲೆ ಹೊಸ ಬ್ಲೇಡು ಒಳ್ಳೆಯ ಮೋಟಾರನ್ನೂ ನಿಲ್ಲಿಸುತ್ತದೆ. ಒಂದು ಚೊಂಬು ನೀರು ಸುರಿದು ನೋಡಿ.

ಬಿಡಿಭಾಗ_ಹುಡುಕಾಟ

ನನ್ನ ಅಭಿಪ್ರಾಯ ಬೇರೆ. ಮಲೆನಾಡಿನ ಮಳೆಯಲ್ಲಿ ದಿನವೂ ಓಡುವ ಗಾಡಿಗೆ ನಿರ್ವಾತ ವೈಪರ್ ಇಟ್ಟುಕೊಳ್ಳುವುದು ಅಪಾಯ. ಅಂಬಾಸಡರ್, ಫಿಯೆಟ್ 1100 ಎರಡಕ್ಕೂ ವಿದ್ಯುತ್ ವೈಪರ್‌ಗಳೇ ಇದ್ದವು, ಅವುಗಳಿಗೆ ಘಾಟಿಯೂ ಒಂದೇ ಬಯಲೂ ಒಂದೇ. ಜೀಪಿಗೆ ಹೊಂದುವ ವಿದ್ಯುತ್ ಮೋಟಾರುಗಳು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗುತ್ತವೆ. ನಿಮ್ಮ ಗಾಡಿ 6 ವೋಲ್ಟೋ 12 ವೋಲ್ಟೋ ಎಂದು ಮೊದಲು ನೋಡಿಕೊಳ್ಳಿ. 6 ವೋಲ್ಟ್ ಬ್ಯಾಟರಿಗೆ 12 ವೋಲ್ಟ್ ಮೋಟಾರು ಹಾಕಿದರೆ ಏರಿನಲ್ಲೂ ಇಳಿಜಾರಿನಲ್ಲೂ ಒಂದೇ ರೀತಿ ತೆವಳುತ್ತದೆ.

ಸೋಮವಾರಪೇಟೆ_ಜಾನಕಿ

ನಾನು ಇಂಥದೇ ಜೀಪನ್ನು ಕಾಫಿ ಕೊಯ್ಲಿನ ಕಾಲದಲ್ಲಿ ನಾನೇ ಓಡಿಸುತ್ತೇನೆ. ನಮ್ಮದರಲ್ಲಿ ಪಂಪು ಸರಿಯಾಗಿದ್ದಾಗ ಏರಿನಲ್ಲಿ ವೈಪರ್ ನಿಧಾನವಾಗುತ್ತದೆ ಹೊರತು ನಿಲ್ಲುವುದಿಲ್ಲ. ಆದ್ದರಿಂದ ಮೂಡಿಗೆರೆಯವರ ಗಾಡಿಯಲ್ಲಿ ಏನೋ ಕೆಟ್ಟಿದೆ ಎಂದೇ ನನಗನ್ನಿಸುತ್ತದೆ. ಅದನ್ನು ಹುಡುಕದೆ ವಿದ್ಯುತ್ ಮೋಟಾರು ಹಾಕಿದರೆ ಕೆಟ್ಟದ್ದು ಹಾಗೆಯೇ ಒಳಗೆ ಉಳಿಯುತ್ತದೆ.

ಒಂದು ಪ್ರಶ್ನೆ: ಎಂಜಿನ್ ಎಣ್ಣೆ ಎಷ್ಟು ಕುಡಿಯುತ್ತದೆ? ಹೊಗೆ ಹೇಗಿದೆ?

ಮೂಡಿಗೆರೆ_ಜೀಪು

ಎಲ್ಲರಿಗೂ ಧನ್ಯವಾದ. ಪಂಪಿಗೆ ನಾಲ್ಕು ಪೈಪುಗಳಿವೆ. ಅಂದರೆ ಮೂಲದ್ದೇ.

ಗೇಜು ಸಿಕ್ಕಿತು. ಐಡಲ್‌ನಲ್ಲಿ 13 ಅಂಗುಲ ಪಾದರಸ, ಮುಳ್ಳು ಸ್ಥಿರ. ಪಂಪಿನಿಂದ ಎಂಜಿನ್ನಿಗೆ ಹೋಗುವ ನಿರ್ವಾತದ ಪೈಪನ್ನು ಬಿಚ್ಚಿ, ಎಂಜಿನ್ ಬದಿಯ ಕಿಂಡಿಯನ್ನು ಮುಚ್ಚಿದಾಗ 15ಕ್ಕೆ ಏರಿತು. ಎಂಜಿನ್ನಿನ ಓಟವೂ ಬದಲಾಯಿತು, ಮೃದುವಾಯಿತು.

ಜಾನಕಿ ಅಕ್ಕ, ನೀವು ಕೇಳಿದ್ದಕ್ಕೆ: ಎಣ್ಣೆ ಸ್ವಲ್ಪ ಹೆಚ್ಚೇ ಕುಡಿಯುತ್ತದೆ. ಹೊಗೆ ನೀಲಿ. ಪಿಸ್ಟನ್ ರಿಂಗ್ ಸವೆದಿವೆ, ಎಂಜಿನ್ ಇಳಿಸಬೇಕು ಎಂದು ಹೇಳಿದ್ದಾರೆ. ಅದು ಬೇರೆ ವಿಷಯ ಎಂದು ಇಲ್ಲಿ ಬರೆದಿರಲಿಲ್ಲ.

ಯಂತ್ರಪಾಠ

ಅದು ಬೇರೆ ವಿಷಯವಲ್ಲ. ಜಾನಕಿಯವರು ಸರಿಯಾದ ಪ್ರಶ್ನೆ ಕೇಳಿದ್ದಾರೆ.

ಮೊದಲು ಸಂಖ್ಯೆ. ಸಮುದ್ರಮಟ್ಟದಲ್ಲಿ ಆರೋಗ್ಯವಂತ ಎಂಜಿನ್ ಐಡಲ್‌ನಲ್ಲಿ 17ರಿಂದ 21 ಅಂಗುಲ ತೋರಿಸಬೇಕು. ಎತ್ತರ ಹೆಚ್ಚಿದಂತೆ ವಾಯುಭಾರವೇ ಕಡಿಮೆ. ಪ್ರತಿ 1000 ಅಡಿಗೆ, ಅಂದರೆ ಸುಮಾರು 300 ಮೀಟರ್‌ಗೆ, ಒಂದು ಅಂಗುಲ ಕಳೆಯಬೇಕು. ಮೂಡಿಗೆರೆ ಸರಿಸುಮಾರು 1000 ಮೀಟರ್ ಎತ್ತರದಲ್ಲಿದೆ. ಆದ್ದರಿಂದ ನಿಮಗೆ 14ರಿಂದ 18 ಬಂದರೆ ಸರಿ. ಪೈಪು ಮುಚ್ಚಿದಾಗ ಬಂದ 15 ಪರವಾಗಿಲ್ಲ. ಪೈಪು ತೆರೆದಾಗ ಬಂದ 13 ಕಡಿಮೆ. ಸೋರಿಕೆ ಎಂಜಿನ್ನಿನೊಳಗಿಲ್ಲ, ವೈಪರ್‌ನ ಸಾಲಿನಲ್ಲಿದೆ ಎಂದು ಗೇಜು ಹೇಳಿತು. ಮಂಗಳೂರಿನಲ್ಲಿ ಕುಳಿತವರು ಕೊಡುವ ಅಂಕಿಯನ್ನು ಮಲೆನಾಡಿನ ಗಾಡಿಗೆ ಹೋಲಿಸಿ ಒಳ್ಳೆಯ ಎಂಜಿನ್ನನ್ನು ಬಿಚ್ಚಿದ್ದನ್ನು ನಾನು ಕಂಡಿದ್ದೇನೆ, ಆದ್ದರಿಂದ ಈ ಲೆಕ್ಕವನ್ನು ಎಲ್ಲರೂ ನೆನಪಿಡಿ.

ಈಗ ಎಣ್ಣೆ. ಪಂಪಿನ ನಿರ್ವಾತ ಭಾಗದಲ್ಲಿ ಒಂದು ಡಯಾಫ್ರಾಮ್, ಅಂದರೆ ಆಚೀಚೆ ಆಡುವ ಪೊರೆ, ಇದೆ. ಅದರ ಒಂದು ಬದಿ ಎಂಜಿನ್ನಿನ ಕೆಳಗಿನ ಗೂಡಾದ ಕ್ರ್ಯಾಂಕ್‌ಕೇಸಿನ ಎಣ್ಣೆಯ ಹನಿಗಳಿಗೆ ತೆರೆದಿದೆ. ಇನ್ನೊಂದು ಬದಿ ಪೈಪಿನ ಮೂಲಕ ಎಂಜಿನ್ನಿನ ಸೇವನೆಯ ದಾರಿಗೆ ಸೇರಿದೆ. ಡಯಾಫ್ರಾಮ್ ಹರಿದರೆ ಎಂಜಿನ್ ತನ್ನ ಎಣ್ಣೆಯನ್ನು ತಾನೇ ಹೀರಿ ಸುಡುತ್ತದೆ. ನೀಲಿ ಹೊಗೆ ಬರುತ್ತದೆ, ಸ್ಪಾರ್ಕ್ ಪ್ಲಗ್ ಜಿಡ್ಡಾಗುತ್ತದೆ, ಎಣ್ಣೆ ಇಳಿಯುತ್ತದೆ. ನೋಡಿದವರು ರಿಂಗ್ ಸವೆದಿದೆ ಎನ್ನುತ್ತಾರೆ. ಒಂದು ತುಂಡು ಡಯಾಫ್ರಾಮ್‌ಗಾಗಿ ಇಡೀ ಎಂಜಿನ್ ಇಳಿಸುವ ಪ್ರಸಂಗ ಈ ಪಂಪುಗಳಿರುವ ಗಾಡಿಗಳಲ್ಲಿ ಹೊಸದಲ್ಲ.

ಪರೀಕ್ಷೆ ಸುಲಭ. ಬಿಚ್ಚಿದ ಆ ಪೈಪಿನೊಳಗೆ ಬಿಳಿ ಬಟ್ಟೆಯ ತುದಿ ಹಾಕಿ ತಿರುಗಿಸಿ. ಎಣ್ಣೆ ಅಂಟಿದರೆ ಡಯಾಫ್ರಾಮ್ ಹೋಗಿದೆ. ಎಂಜಿನ್ ಬದಿಯ ಕಿಂಡಿಯನ್ನು ಭದ್ರವಾಗಿ ಮುಚ್ಚಿ ಕೆಲವು ದಿನ ಓಡಿಸಿ, ಹೊಗೆ ಕಡಿಮೆಯಾಗುತ್ತದೆಯೇ ನೋಡಿ. ಮಳೆ ಇಲ್ಲದ ದಿನಗಳಲ್ಲಿ ಮಾಡಿ. ರಿಂಗುಗಳ ಬಗ್ಗೆ ಆಮೇಲೆ ಮಾತನಾಡೋಣ.

ಲೇತ್_ಹುಬ್ಬಳ್ಳಿ

ಒಂದು ಮಾತು ಸೇರಿಸುತ್ತೇನೆ. ಈ ಎಂಜಿನ್ ಎಫ್-ಹೆಡ್. ಸೇವನೆಯ ವಾಲ್ವುಗಳು ಎಂಜಿನ್ನಿನ ಮೇಲಿನ ಮುಚ್ಚಳವಾದ ಹೆಡ್ಡಿನಲ್ಲಿ, ಹೊಗೆಯ ವಾಲ್ವುಗಳು ಕೆಳಗಿನ ಬ್ಲಾಕಿನಲ್ಲಿ. ಸೇವನೆಯ ಮ್ಯಾನಿಫೋಲ್ಡ್ ಹೆಡ್ಡಿನೊಳಗೇ ಎರಕವಾಗಿದೆ. ಆದ್ದರಿಂದ ಬೇರೆ ಗಾಡಿಗಳಲ್ಲಿ ಮೊದಲು ಅನುಮಾನಿಸುವ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಇದರಲ್ಲಿ ಸೋರುವ ಪ್ರಶ್ನೆಯೇ ಇಲ್ಲ. ಉಳಿಯುವುದು ಕಾರ್ಬ್ಯುರೇಟರ್ ಅಡಿಯ ಗ್ಯಾಸ್ಕೆಟ್, ಸವೆದ ಥ್ರಾಟಲ್ ಶಾಫ್ಟು ಮತ್ತು ಹೆಡ್ಡಿಗೆ ತಿರುಗಿಸಿದ ಹಿತ್ತಾಳೆಯ ಫಿಟ್ಟಿಂಗ್.

ಆ ಫಿಟ್ಟಿಂಗನ್ನು ಚೆನ್ನಾಗಿ ನೋಡಿ. ಜೀಪು ಅಮೆರಿಕದ ವಿನ್ಯಾಸ, ಅದರ ಪೈಪ್ ಥ್ರೆಡ್ ಎನ್‌ಪಿಟಿ. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುವುದು ಸಾಮಾನ್ಯವಾಗಿ ಬ್ರಿಟಿಷ್ ಬಿಎಸ್‌ಪಿ. 1/8 ಅಂಗುಲದ ಅಳತೆಯಲ್ಲಿ ಎನ್‌ಪಿಟಿಗೆ ಅಂಗುಲಕ್ಕೆ 27 ಎಳೆಗಳು, ಬಿಎಸ್‌ಪಿಗೆ 28. ಎಳೆಯ ಕೋನವೂ ಬೇರೆ, ಒಂದು 60 ಡಿಗ್ರಿ, ಇನ್ನೊಂದು 55. ವ್ಯತ್ಯಾಸ ಎಷ್ಟು ಕಡಿಮೆಯೆಂದರೆ ಒಂದರಲ್ಲಿ ಇನ್ನೊಂದು ಎರಡು ಮೂರು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ. ಬಿಗಿಯಾಯಿತಲ್ಲ ಎಂದು ಬಿಡುತ್ತಾರೆ. ಅದು ಕುಳಿತಿರುವುದಿಲ್ಲ, ಸಿಕ್ಕಿಕೊಂಡಿರುತ್ತದೆ. ಟೆಫ್ಲಾನ್ ಟೇಪು ದಪ್ಪಗೆ ಸುತ್ತಿದ್ದರೆ ಅನುಮಾನ ಖಚಿತ. ಎರಕದ ಹೆಡ್ಡಿನ ಥ್ರೆಡ್ ಹಾಳಾದರೆ ಸರಿಪಡಿಸುವುದು ತಲೆನೋವು, ಆದ್ದರಿಂದ ಒತ್ತಾಯಿಸಿ ತಿರುಗಿಸಲೇಬೇಡಿ. ಥ್ರೆಡ್ ಗೇಜು ಇಟ್ಟು ಎಣಿಸಿ.

ಕಾರ್ಬ್ಯುರೇಟರ್ ಸುತ್ತ ಸೋರಿಕೆ ಹುಡುಕಲು ಕೆಲವರು ಪೆಟ್ರೋಲ್ ಅಥವಾ ಸ್ಪ್ರೇ ಕ್ಲೀನರ್ ಹೊಡೆಯುತ್ತಾರೆ. ಬಿಸಿ ಎಂಜಿನ್ ಮೇಲೆ ಅದು ಬೆಂಕಿಗೆ ಆಹ್ವಾನ. ಸೋಪಿನ ನೀರನ್ನು ಹನಿಹನಿಯಾಗಿ ಬಿಡಿ. ಎಲ್ಲಿ ಹೀರಿಕೊಂಡು ಎಂಜಿನ್ನಿನ ಸದ್ದು ಬದಲಾಗುತ್ತದೋ ಅಲ್ಲಿ ಸೋರಿಕೆ ಇದೆ.

ಮೂಡಿಗೆರೆ_ಜೀಪು

ಬಟ್ಟೆ ಪೂರ್ತಿ ಎಣ್ಣೆಯಾಗಿ ಹೊರಬಂತು. ಹೆಡ್ಡಿನ ಫಿಟ್ಟಿಂಗ್ ಮೇಲೆ ಬಿಳಿ ಟೇಪು ಪದರಪದರವಾಗಿದೆ, ಕೈಯಲ್ಲಿ ಅಲುಗಿಸಿದರೆ ಅಲುಗುತ್ತದೆ. ಸಣ್ಣ ವರ್ಕ್‌ಶಾಪೊಂದರಲ್ಲಿ ಎಣಿಸಿ ನೋಡಿದರು: ಫಿಟ್ಟಿಂಗ್ 28 ಎಳೆಯದು. ಹೆಡ್ಡಿನ ಥ್ರೆಡ್ ಉಳಿದಿದೆ ಎಂಬುದು ಸಮಾಧಾನ.

ಕಿಂಡಿ ಮುಚ್ಚಿ ಓಡಿಸಿದ ಮೇಲೆ ಹೊಗೆ ಬಹಳ ಕಡಿಮೆಯಾಗಿದೆ. ಮನೆಯಲ್ಲಿ ಎಲ್ಲರೂ ಗಮನಿಸಿದರು.

ಪಂಪನ್ನು ಬಿಚ್ಚಲು ಹೇಗೆ ಹೊರಡಬೇಕು?

ಗ್ಯಾರೇಜ್_ಶಿವಮೊಗ್ಗ

ಈ ಪಂಪುಗಳನ್ನು ಬಿಚ್ಚಿ ಜೋಡಿಸುವುದು ನನ್ನ ದಿನನಿತ್ಯದ ಕೆಲಸ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಬಿಚ್ಚುವ ಮೊದಲು ಎಣ್ಣೆಯ ಮಟ್ಟ ನೋಡುವ ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಇದ್ದರೆ ಪೆಟ್ರೋಲ್ ಬದಿಯ ಡಯಾಫ್ರಾಮೂ ಹರಿದಿದೆ, ಪೆಟ್ರೋಲ್ ಎಂಜಿನ್ನಿನ ಅಡಿಯ ಎಣ್ಣೆ ತೊಟ್ಟಿಗೆ ಇಳಿಯುತ್ತಿದೆ. ಹಾಗಿದ್ದರೆ ಎಂಜಿನ್ ಚಾಲೂ ಮಾಡಬೇಡಿ. ಎಣ್ಣೆ ತೆಳ್ಳಗಾಗಿ ಬೇರಿಂಗ್ ಹೋಗುತ್ತದೆ, ಬೆಂಕಿಯ ಅಪಾಯವೂ ಇದೆ.

ಪಂಪು ಹೊರಬಂದ ಮೇಲೆ ಪ್ರತಿ ಮುಚ್ಚಳ ಮತ್ತು ಒಡಲಿನ ಸಂದಿಗೆ ಅಡ್ಡವಾಗಿ ಅರದಿಂದ ಗುರುತು ಹಾಕಿ. ಒಂದು ತೂತು ಆಚೀಚೆ ಜೋಡಿಸಿದರೂ ಪೈಪುಗಳು ದಿಕ್ಕು ತಪ್ಪುತ್ತವೆ. ನಿರ್ವಾತ ಬದಿಯ ಮುಚ್ಚಳದ ಕೆಳಗೆ ಬಲವಾದ ಸ್ಪ್ರಿಂಗ್ ಇದೆ. ಎಲ್ಲ ಸ್ಕ್ರೂಗಳನ್ನು ಒಮ್ಮೆಲೇ ತೆಗೆದರೆ ಮುಚ್ಚಳ ಮುಖಕ್ಕೆ ಹಾರುತ್ತದೆ. ಎದುರುಬದುರಿನ ಎರಡು ಸ್ಕ್ರೂಗಳ ಜಾಗದಲ್ಲಿ ಉದ್ದನೆಯ ಸ್ಕ್ರೂ ಹಾಕಿಕೊಂಡು, ಉಳಿದವನ್ನು ತೆಗೆದು, ಆ ಎರಡನ್ನು ಸ್ವಲ್ಪಸ್ವಲ್ಪವೇ ಸಡಿಲಿಸಿ.

ಒಳಗೆ ಪುಟ್ಟ ಕವಾಟಗಳಿವೆ. ಯಾವುದು ಯಾವ ದಿಕ್ಕಿಗೆ ಮುಖ ಮಾಡಿದೆ ಎಂದು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ತಿರುವುಮುರುವಾದರೆ ಪಂಪು ಹೀರುವ ಬದಲು ಊದುತ್ತದೆ. ಬಾಯಿಯಿಂದ ಹೀರಿ, ಊದಿ ಪರೀಕ್ಷಿಸುವುದು ನಮ್ಮ ಗ್ಯಾರೇಜಿನಲ್ಲಿ ಹಳೆಯ ಪದ್ಧತಿ. ಪೆಟ್ರೋಲ್ ಬದಿಯಲ್ಲಿ ಮಾತ್ರ ಬಾಯಿ ಇಡಬೇಡಿ.

ಎಲ್ಲರೂ ತಪ್ಪುವುದು ಕೊನೆಯ ಹಂತದಲ್ಲಿ. ಹೊಸ ಡಯಾಫ್ರಾಮ್ ಇಟ್ಟು ಮುಚ್ಚಳದ ಸ್ಕ್ರೂಗಳನ್ನು ಬೆರಳಿನಷ್ಟೇ ಬಿಗಿ ಮಾಡಿ. ಆಮೇಲೆ ಪಂಪಿನ ತೋಳನ್ನು ಪೂರ್ತಿ ಒತ್ತಿ ಹಿಡಿದು, ಹಾಗೆ ಹಿಡಿದಿರುವಾಗಲೇ ಸ್ಕ್ರೂಗಳನ್ನು ಅಡ್ಡಡ್ಡವಾಗಿ ಬಿಗಿಯಿರಿ. ಆಗ ಡಯಾಫ್ರಾಮ್‌ಗೆ ತನ್ನ ಪೂರ್ತಿ ಚಲನೆಗೆ ಬೇಕಾದ ಸಡಿಲ ಸಿಗುತ್ತದೆ. ತೋಳು ಬಿಟ್ಟ ಸ್ಥಿತಿಯಲ್ಲೇ ಬಿಗಿದರೆ ಅದು ಪ್ರತಿ ಸುತ್ತಿಗೂ ಎಳೆದುಕೊಂಡು ಬೇಗನೆ ಅಂಚಿನಲ್ಲಿ ಹರಿಯುತ್ತದೆ.

ಡಯಾಫ್ರಾಮ್ ಕೊಳ್ಳುವಾಗ ಕೇಳಲೇಬೇಕಾದ ಪ್ರಶ್ನೆ ಎಥೆನಾಲ್‌ಗೆ ತಡೆಯುತ್ತದೆಯೇ ಎಂಬುದು. ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲ್ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿಯೇ ಬಿಡುಗಡೆಯಾಯಿತು, ಈಗ ಬಂಕುಗಳಲ್ಲಿ ಸಿಗುವುದು ಹೆಚ್ಚಾಗಿ ಅದೇ. ಗೋದಾಮಿನಲ್ಲಿ ದಶಕಗಳಿಂದ ಕುಳಿತ ಹಳೆಯ ಕಿಟ್‌ಗಳ ರಬ್ಬರ್ ಇದಕ್ಕಾಗಿ ಮಾಡಿದ್ದಲ್ಲ. ಊದಿಕೊಳ್ಳುತ್ತದೆ ಅಥವಾ ಗಟ್ಟಿಯಾಗಿ ಬಿರಿಯುತ್ತದೆ. ಪೆಟ್ಟಿಗೆಯ ಮೇಲೆ ಮೂಲ ಕಂಪನಿಯ ಹೆಸರಿದೆ ಎಂದು ಮರುಳಾಗಬೇಡಿ. ಪೆಟ್ರೋಲ್ ಹೋಸುಗಳನ್ನೂ ಇದೇ ಸಮಯದಲ್ಲಿ ಬದಲಿಸಿ.

ಬಫಲೊ_ಕನ್ನಡಿಗ

ನಾನಿರುವ ಊರು ನ್ಯೂಯಾರ್ಕ್ ರಾಜ್ಯದ ಬಫಲೊ, ಟ್ರೈಕೊ ಕಂಪನಿ ಹುಟ್ಟಿದ ಊರು. ಮಳೆಯ ರಾತ್ರಿಯಲ್ಲಿ ಗಾಜು ಕಾಣದೆ ತನ್ನ ಕಾರು ಒಬ್ಬ ಸೈಕಲ್ ಸವಾರನಿಗೆ ತಾಗಿದ ಮೇಲೆ ಜಾನ್ ಓಯ್‌ಶಿ ಎಂಬಾತ 1917ರಲ್ಲಿ ಇದನ್ನು ಆರಂಭಿಸಿದ. ಮೊದಲು ಕೈಯಿಂದ ಆಡಿಸುವ ವೈಪರ್, ಆಮೇಲೆ ನಿರ್ವಾತದ್ದು. ಇಲ್ಲಿ ಅಮೆರಿಕನ್ ಮೋಟಾರ್ಸ್ ಕಂಪನಿ ಎಲ್ಲರಿಗಿಂತ ಕೊನೆಯವರೆಗೆ ಇದನ್ನು ಉಳಿಸಿಕೊಂಡಿತ್ತು. 1972ರ ಮಾದರಿಗಳಲ್ಲಷ್ಟೇ ಅವರ ಎಲ್ಲ ಕಾರುಗಳಿಗೂ ವಿದ್ಯುತ್ ವೈಪರ್ ಬಂದದ್ದು. ಅರ್ಧ ಶತಮಾನ ಉಳಿದ ವ್ಯವಸ್ಥೆ ಇದು. ಸರಿಯಾಗಿ ಇಟ್ಟುಕೊಂಡರೆ ಕೆಲಸ ಮಾಡುತ್ತದೆ ಎಂಬುದಕ್ಕೆ ಅದೇ ಸಾಕ್ಷಿ.

ಪಂಪು ಸರಿಯಾದ ಮೇಲೆ ಮೋಟಾರಿನ ಕಡೆಗೆ ಬನ್ನಿ. ಅದರ ರೆಕ್ಕೆಯ ಅಂಚಿಗೆ ಹಳೆಯ ಮಾದರಿಗಳಲ್ಲಿ ತೊಗಲಿನ ಸೀಲು ಇರುತ್ತದೆ. ತೊಗಲು ಒಣಗಿ ಸೆಟೆದರೆ ಗಾಳಿ ಪಕ್ಕದಿಂದ ನುಸುಳುತ್ತದೆ. ಇಲ್ಲಿ ಹಳೆಯ ಗಾಡಿಗಳವರು ಹೋಸು ಕಳಚಿ, ಕಿಂಡಿಯೊಳಗೆ ನೀಟ್ಸ್‌ಫುಟ್ ಎಣ್ಣೆಯ ಕೆಲವು ಹನಿ ಬಿಟ್ಟು, ಕೈಯಿಂದ ರೆಕ್ಕೆಯನ್ನು ಆಚೀಚೆ ಆಡಿಸಿ ಒಂದು ರಾತ್ರಿ ಬಿಡುತ್ತಾರೆ. ಅದು ದನದ ಕಾಲಿನ ಮೂಳೆಯಿಂದ ತೆಗೆದ ಎಣ್ಣೆ, ಕುದುರೆಯ ಜೀನಿಗೆ ಹಚ್ಚುವುದು. ಎಂಜಿನ್ ಎಣ್ಣೆ, ಡೀಸೆಲ್ ಹಾಕಬೇಡಿ.

ಮೂಡಿಗೆರೆ_ಜೀಪು

ನೀಟ್ಸ್‌ಫುಟ್ ಇಲ್ಲಿ ಸಿಗುವುದು ಕಷ್ಟ. ಕೊಬ್ಬರಿ ಎಣ್ಣೆ ಆಗುತ್ತದೆಯೇ?

ಸೋಮವಾರಪೇಟೆ_ಜಾನಕಿ

ಬೇಡ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್ ಬೆಳಗಿನಲ್ಲಿ ನಮ್ಮಲ್ಲಿ ಶೀಸೆಯೊಳಗೆ ಕಲ್ಲಾಗಿರುವುದನ್ನು ದಿನವೂ ನೋಡುತ್ತೇವೆ. ಮೋಟಾರಿನ ಕಿರಿದಾದ ದಾರಿಯಲ್ಲೂ ಹಾಗೆಯೇ ಕೂರುತ್ತದೆ. ಕ್ರಿಕೆಟ್ ಬ್ಯಾಟಿಗೆ ಹಚ್ಚುವ ಅಗಸೆ ಎಣ್ಣೆಯನ್ನು ಒಬ್ಬರು ನನಗೆ ಸೂಚಿಸಿದ್ದರು. ಅದು ಗಾಳಿಗೆ ಒಣಗಿ ಪೊರೆಯಾಗುವ ಎಣ್ಣೆ, ಇನ್ನೂ ಕೆಟ್ಟದ್ದು.

ನಾನು ಹಾಕುವುದು ಹರಳೆಣ್ಣೆ. ನಮ್ಮ ಹಿರಿಯರು ಚರ್ಮದ ಚಪ್ಪಲಿಗೆ ಹಚ್ಚುತ್ತಿದ್ದದ್ದೇ. ಅದು ಒಣಗುವುದಿಲ್ಲ, ರಬ್ಬರನ್ನು ಕೆಡಿಸುವುದಿಲ್ಲ. ದಪ್ಪ ಇರುವುದರಿಂದ ಸ್ವಲ್ಪ ಬೆಚ್ಚಗೆ ಮಾಡಿ ತೊಗಲಿಗೆ ಮಾತ್ರ ತೀಡಿ, ಹೆಚ್ಚಾದದ್ದನ್ನು ಒರೆಸಿ. ಕಿಂಡಿಯಿಂದ ಸುರಿಯಬೇಡಿ. ಅಂದರೆ ಮೋಟಾರಿನ ಮುಚ್ಚಳ ಬಿಚ್ಚಲೇಬೇಕು.

ಯಂತ್ರಪಾಠ

ಹರಳೆಣ್ಣೆಯ ಬಗ್ಗೆ ನನಗೆ ಅರೆಒಪ್ಪಿಗೆ. ತೊಗಲಿಗೆ ಒಳ್ಳೆಯದು. ಆದರೆ ಕವಾಟ ಮಗುಚುವ ಭಾಗಕ್ಕೆ ತಾಗಿದರೆ ಅದರ ಚುರುಕು ಹೋಗುತ್ತದೆ, ವೈಪರ್ ತುದಿಯಲ್ಲಿ ನಿಂತು ಯೋಚಿಸುತ್ತದೆ. ಕವಾಟದ ಜಾಗ ಒಣಗಿ ಶುಭ್ರವಾಗಿರಲಿ. ಮುಚ್ಚಳದ ಕಾಗದದ ಪ್ಯಾಕಿಂಗನ್ನು ಹೊಸದಾಗಿ ಕತ್ತರಿಸಿ ಹಾಕಿ. ಹಳೆಯದನ್ನು ಅಚ್ಚಾಗಿ ಇಟ್ಟುಕೊಂಡರೆ ತೆಳುವಾದ ಪ್ಯಾಕಿಂಗ್ ಹಾಳೆಯಿಂದ ಮನೆಯಲ್ಲೇ ಮಾಡಬಹುದು. ಸೀಲಿಂಗ್ ಪೇಸ್ಟು ಬಳಿಯಬೇಡಿ, ಹಿಂಡಿದ ಪೇಸ್ಟು ಗಾಳಿಯ ದಾರಿಗೆ ಇಳಿಯುತ್ತದೆ.

ಲೇತ್_ಹುಬ್ಬಳ್ಳಿ

ಹೋಸಿನ ಬಗ್ಗೆ ಯಾರೂ ಹೇಳಲಿಲ್ಲ. ವೈಪರ್ ಹೋಸಿನ ಒಳಅಳತೆ 7/32 ಅಂಗುಲ, ಅಂದರೆ ಸುಮಾರು 5.5 ಮಿಲಿಮೀಟರ್. ಅಂಗಡಿಯವರು ಕೊಡುವ 6 ಮಿಲಿಮೀಟರ್ ಸಡಿಲವಾಗುತ್ತದೆ, ಕ್ಲಿಪ್ ಹಾಕಿ ಹಿಂಡಿದರೂ ಸುಕ್ಕಿನಲ್ಲಿ ಗಾಳಿ ನುಸುಳುತ್ತದೆ. ಅಳತೆಗಿಂತ ಮುಖ್ಯವಾದದ್ದು ಗೋಡೆಯ ದಪ್ಪ. ಮೀನಿನ ತೊಟ್ಟಿಗೆ ಹಾಕುವ ಪಾರದರ್ಶಕ ನಳಿಗೆ ಹೊರಗಿನಿಂದ ಚೆನ್ನಾಗಿ ಕಾಣುತ್ತದೆ, ನಿರ್ವಾತಕ್ಕೆ ಒಳಗೆ ಚಪ್ಪಟೆಯಾಗುತ್ತದೆ. ಎಂಜಿನ್ ನಿಂತಾಗ ಮತ್ತೆ ದುಂಡಗಾಗುವುದರಿಂದ ಎಷ್ಟು ನೋಡಿದರೂ ದೋಷ ಕಾಣುವುದಿಲ್ಲ.

ಚೌಕಟ್ಟು ಮಡಚುವ ಜಾಗದಲ್ಲಿ ಹೋಸು ಸ್ವಲ್ಪ ಉದ್ದವಿದ್ದು ಕಮಾನಿನಂತೆ ಬಾಗಲಿ. ಬಿಗಿಯಾಗಿ ಎಳೆದು ಕಟ್ಟಿದರೆ ಪ್ರತಿ ಬಾರಿ ಮಡಚಿದಾಗಲೂ ಅದೇ ಗೆರೆಯಲ್ಲಿ ಬಿರಿಯುತ್ತದೆ.

ಬಿಡಿಭಾಗ_ಹುಡುಕಾಟ

ಬ್ಲೇಡು ಕೊಳ್ಳುವಾಗ ಉದ್ದದ ಆಸೆ ಬೇಡ. ಈಗಿನ ಕಾರಿನ ಉದ್ದನೆಯ ಬ್ಲೇಡು, ಗಟ್ಟಿ ಸ್ಪ್ರಿಂಗಿನ ತೋಳು ಹಾಕಿದರೆ ಗಾಜಿನ ಮೇಲಿನ ಒತ್ತಡ ಹೆಚ್ಚಾಗಿ ಈ ಸಣ್ಣ ಮೋಟಾರು ಎಳೆಯಲಾರದು. ಹಳೆಯ ಬ್ಲೇಡಿನ ಉದ್ದವನ್ನೇ ಅಳೆದು ಅಷ್ಟನ್ನೇ ತನ್ನಿ. ರಬ್ಬರ್ ಪಟ್ಟಿ ಮಾತ್ರ ಬದಲಿಸಲು ಸಾಧ್ಯವಿದ್ದರೆ ಇನ್ನೂ ಒಳ್ಳೆಯದು.

ನಾನು ಈಗಲೂ ವಿದ್ಯುತ್ ಮೋಟಾರಿನ ಪರವೇ. ಗಾಡಿಗೆ ಸರಿಯಾಗಿ ಕೆಲಸ ಮಾಡುವ ವೈಪರ್ ಇರಬೇಕೆಂಬುದು ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೂ ಇದೆ.

ಪ್ರಿಫೆಕ್ಟ್_ಬೆಂಗಳೂರು

ನಿಯಮದ ಮಾತು ಬಂದದ್ದರಿಂದ: 2021ರ ವಿಂಟೇಜ್ ವಾಹನ ನಿಯಮದಂತೆ 50 ವರ್ಷ ಮೀರಿದ, ಮೂಲ ಸ್ವರೂಪ ಉಳಿಸಿಕೊಂಡ ಗಾಡಿಗಳಿಗೆ ಪ್ರತ್ಯೇಕ ನೋಂದಣಿ ಇದೆ. ಅಲ್ಲಿ ಗಣನೆಗೆ ಬರುವ ದೊಡ್ಡ ಮಾರ್ಪಾಡೆಂದರೆ ಚಾಸಿ, ಬಾಡಿ, ಎಂಜಿನ್. ವೈಪರ್ ಮೋಟಾರು ಬದಲಿಸಿದರೆ ನೋಂದಣಿ ತಪ್ಪುತ್ತದೆ ಎಂಬ ಭಯ ಬೇಡ. ಆದರೆ ಆ ನೋಂದಣಿಯ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ಮುಂತಾದವಕ್ಕೆ ಮಾತ್ರ ರಸ್ತೆಗಿಳಿಸಬಹುದು. ತೋಟದ ದಿನನಿತ್ಯದ ಕೆಲಸಕ್ಕೆ ಅದು ಹೊಂದುವುದಿಲ್ಲ.

ವಿದ್ಯುತ್ತೋ ನಿರ್ವಾತವೋ ಎಂಬುದನ್ನು ಗಾಡಿಯ ಯಜಮಾನರೇ ನಿರ್ಧರಿಸಲಿ. ಆದರೆ ಹರಿದ ಡಯಾಫ್ರಾಮ್ ಎರಡೂ ಪಕ್ಷಕ್ಕೆ ಸಂಬಂಧಿಸಿದ್ದು. ವಿದ್ಯುತ್ ಮೋಟಾರು ಹಾಕಿ ನಿರ್ವಾತದ ಪೈಪನ್ನು ಹಾಗೆಯೇ ಬಿಟ್ಟಿದ್ದರೆ ಎಂಜಿನ್ ಎಣ್ಣೆ ಕುಡಿಯುತ್ತಲೇ ಇರುತ್ತಿತ್ತು.

ಮೂಡಿಗೆರೆ_ಜೀಪು

ಕೆಲಸ ಮುಗಿದಿದೆ. ಏನೇನಾಯಿತು ಎಂದು ಬರೆಯುತ್ತೇನೆ.

ಡಿಪ್‌ಸ್ಟಿಕ್‌ನಲ್ಲಿ ಪೆಟ್ರೋಲ್ ವಾಸನೆ ಇರಲಿಲ್ಲ. ಪಂಪು ಬಿಚ್ಚಿದಾಗ ನಿರ್ವಾತ ಬದಿಯ ಡಯಾಫ್ರಾಮ್ ಅಂಚಿನುದ್ದಕ್ಕೂ ಸೀಳಿತ್ತು. ಎರಡೂ ಬದಿಗೆ ಎಥೆನಾಲ್ ತಡೆಯುವ ಹೊಸ ಡಯಾಫ್ರಾಮ್ ಹಾಕಿದೆವು. ಶಿವಮೊಗ್ಗದವರು ಹೇಳಿದಂತೆ ತೋಳು ಒತ್ತಿ ಹಿಡಿದೇ ಬಿಗಿದದ್ದು. ಆ ಎರಡು ಉದ್ದನೆಯ ಸ್ಕ್ರೂಗಳ ಸಲಹೆಗೆ ವಿಶೇಷ ಧನ್ಯವಾದ, ಸ್ಪ್ರಿಂಗಿನ ಬಲ ನೋಡಿದ ಮೇಲೆ ಅದರ ಬೆಲೆ ತಿಳಿಯಿತು. ಹೆಡ್ಡಿಗೆ 27 ಎಳೆಯ ಹಿತ್ತಾಳೆ ಫಿಟ್ಟಿಂಗನ್ನು ಲೇತ್‌ನಲ್ಲಿ ಮಾಡಿಸಿದೆ. ದಪ್ಪ ಗೋಡೆಯ ಹೋಸು ಹಾಕಿದೆ.

ಮೋಟಾರಿನ ತೊಗಲು ಸೆಟೆದಿತ್ತು, ಹರಿದಿರಲಿಲ್ಲ. ಹರಳೆಣ್ಣೆ ತೀಡಿ, ಕವಾಟದ ಜಾಗವನ್ನು ಒಣಗಿಸಿ ಮುಚ್ಚಿದೆ.

ಈಗ ಎಲ್ಲ ಪೈಪುಗಳೂ ಜೋಡಣೆಯಾಗಿರುವಾಗ ಐಡಲ್‌ನಲ್ಲಿ 15.5. ಚಾರ್ಮಾಡಿ ಏರಿನಲ್ಲಿ ಜೋರು ಮಳೆಯಲ್ಲೇ ಓಡಿಸಿದೆ. ವೈಪರ್ ನಿಧಾನವಾಯಿತು, ಎಲ್ಲಿಯೂ ನಿಲ್ಲಲಿಲ್ಲ. ಗೇರ್ ಇಳಿಸಿ ಥ್ರಾಟಲ್ ತಗ್ಗಿಸಿದರೆ ಇನ್ನೂ ಚುರುಕಾಗುತ್ತದೆ. ನೀಲಿ ಹೊಗೆ ಇಲ್ಲ. ಎಂಜಿನ್ ಇಳಿಸುವ ಮಾತನ್ನು ಕೈಬಿಟ್ಟಿದ್ದೇವೆ.

ಒಂದು ಸಣ್ಣ ತೊಂದರೆ ಉಳಿದಿದೆ. ಬೀಸಿನ ತುದಿಯಲ್ಲಿ ಬ್ಲೇಡು ಚೌಕಟ್ಟಿನ ರಬ್ಬರಿಗೆ ಬಡಿದು ಸದ್ದು ಮಾಡುತ್ತದೆ. ತೋಳನ್ನು ಶಾಫ್ಟಿನ ಮೇಲೆ ಒಂದು ಹಲ್ಲು ಸರಿಸಿ ಕೂರಿಸಿದರೆ ಇನ್ನೊಂದು ತುದಿಯಲ್ಲಿ ಬಡಿಯುತ್ತದೆ.

ಲೇತ್_ಹುಬ್ಬಳ್ಳಿ

ಎರಡೂ ತುದಿಯಲ್ಲಿ ಬಡಿಯುತ್ತಿದ್ದರೆ ಕೂರಿಸಿದ ಜಾಗದ ತಪ್ಪಲ್ಲ, ಬ್ಲೇಡು ಉದ್ದವಾಗಿದೆ ಅಥವಾ ತೋಳು ಉದ್ದವಾಗಿದೆ. ಮೋಟಾರು ಬೀಸುವ ಕೋನ ಬದಲಾಗುವುದಿಲ್ಲ, ತುದಿ ತಲುಪುವ ದೂರ ಮಾತ್ರ ತೋಳಿನ ಉದ್ದದಿಂದ ಬದಲಾಗುತ್ತದೆ. ಹಿಂದಿನ ಯಜಮಾನರ ಕಾಲದಲ್ಲಿ ಬೇರೆ ಗಾಡಿಯ ತೋಳು ಸೇರಿಕೊಂಡಿರಬಹುದು. ತೋಳನ್ನು ಬಾಗಿಸಲು ಹೋಗಬೇಡಿ, ಬ್ಲೇಡು ಓರೆಯಾಗಿ ಕೂತು ಗಾಜಿನ ಮೇಲೆ ಪಟ್ಟೆ ಬಿಡುತ್ತದೆ. ಶಾಫ್ಟಿನ ನಡುವಿನಿಂದ ಬ್ಲೇಡಿನ ಕೊಕ್ಕೆಯವರೆಗಿನ ಅಳತೆ ಮತ್ತು ಬ್ಲೇಡಿನ ಉದ್ದ ಎರಡನ್ನೂ ಇಲ್ಲಿ ಬರೆಯಿರಿ. ಜಾನಕಿಯವರ ಗಾಡಿಯ ಅಳತೆಯೂ ಸಿಕ್ಕರೆ ಹೋಲಿಸಿ ನೋಡೋಣ.

ಸೋಮವಾರಪೇಟೆ_ಜಾನಕಿ

ನಾಳೆ ಬೆಳಿಗ್ಗೆ ಅಳೆದು ಚಿತ್ರದೊಂದಿಗೆ ಹಾಕುತ್ತೇನೆ. ನಮ್ಮಲ್ಲಿ ಎರಡೂ ತುದಿಯಲ್ಲಿ ಒಂದು ಬೆರಳಿನಷ್ಟು ಜಾಗ ಉಳಿಯುತ್ತದೆ. ಕೈ ವೈಪರ್‌ನ ಹಿಡಿಕೆಯ ಚಿತ್ರವನ್ನೂ ಕಳುಹಿಸುತ್ತೇನೆ. ನಿಮ್ಮದು ಸಡಿಲವಾಗಿದ್ದರೆ ಒಳಗಿನ ಸ್ಪ್ರಿಂಗ್ ವಾಷರನ್ನು ಈಗಲೇ ಬದಲಿಸಿಬಿಡಿ, ಆ ತೂತಿನಿಂದಲೇ ಮಳೆನೀರು ಪಕ್ಕದಲ್ಲಿ ಕುಳಿತವರ ಮಡಿಲಿಗೆ ಇಳಿಯುವುದು.